ಓಪನ್ ಡಿ, ಡ್ಯಾಡ್‌ಗ್ಯಾಡ್, ಓಪನ್ ಜಿ, ಓಪನ್ ಸಿ: ನಿಮ್ಮ ಗಿಟಾರಿಗೆ ಯಾವ ಶ್ರುತಿ?

ಕೊಪ್ಪಳದಲ್ಲಿ ಸಂಜೆ ಹೊತ್ತು ಗಿಟಾರ್ ಹೇಳಿಕೊಡುತ್ತೇನೆ. ಈಚೆಗೆ ಒಂದೇ ಪ್ರಶ್ನೆಯನ್ನು ಮೂವರು ಕೇಳಿದರು. ಗಂಗಾವತಿಯ ಒಬ್ಬ ಹುಡುಗನಿಗೆ ಸ್ಲೈಡ್ ನುಡಿಸುವ, ಅಂದರೆ ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಆಸೆ. ಬಳ್ಳಾರಿಯ ಒಬ್ಬ ಹುಡುಗಿ ತಾನೇ ಹಾಡಿಕೊಂಡು ತಾನೇ ನುಡಿಸುತ್ತಾಳೆ. ಮಾನ್ವಿಯ ಒಬ್ಬ ಮೇಷ್ಟ್ರಿಗೆ ದಾಸರ ಪದಗಳ ಜೊತೆ ಗಿಟಾರ್ ಕೂರಿಸಬೇಕು. ಜಗನ್ನಾಥದಾಸರ ಊರಿನವರು, ಅವರಿಗೆ ಆ ಆಸೆ ಬಂದದ್ದು ಸಹಜ. ಮೂವರೂ ಕೇಳಿದ್ದು ಇಷ್ಟೇ: "ಓಪನ್ ಟ್ಯೂನಿಂಗ್ ಕಲೀಬೇಕು ಸರ್, ಯಾವುದು ಒಳ್ಳೇದು?"

ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅಂತ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನೀವೂ ಇದೇ ಗೊಂದಲದಲ್ಲಿದ್ದರೆ ನಿಮ್ಮ ಉತ್ತರ ನೀವೇ ಕಂಡುಕೊಳ್ಳಬಹುದು.

ಮೊದಲು ಒಂದೆರಡು ಮಾತು, ಹೊಸಬರಿಗಾಗಿ. ಸಾಮಾನ್ಯ ಶ್ರುತಿಯಲ್ಲಿ ದಪ್ಪ ತಂತಿಯಿಂದ ಸಣ್ಣದರ ಕಡೆಗೆ ಇ ಎ ಡಿ ಜಿ ಬಿ ಇ ಇರುತ್ತದೆ. ತಂತಿಗಳ ಎಣಿಕೆ ಮಾತ್ರ ಸಣ್ಣದರಿಂದ: ಅತಿ ಸಣ್ಣದು 1ನೇದು, ಅತಿ ದಪ್ಪದ್ದು 6ನೇದು. ಎಡಗೈ ಒತ್ತದೆ ಬರೀ ಮೀಟಿದರೆ ಅದರಿಂದ ಒಂದು ಕಾರ್ಡ್ (ಒಟ್ಟಿಗೆ ನುಡಿದು ಕೂಡಿಕೊಳ್ಳುವ ಸ್ವರಗಳ ಗುಂಪು) ಹುಟ್ಟುವುದಿಲ್ಲ. ಓಪನ್ ಟ್ಯೂನಿಂಗ್ ಅಂದರೆ ಕೆಲವು ತಂತಿಗಳನ್ನು ಇಳಿಸಿಯೋ ಏರಿಸಿಯೋ, ಬರಿಗೈಯಲ್ಲಿ ಮೀಟಿದರೂ ಒಂದು ಪೂರ್ತಿ ಕಾರ್ಡ್ ನುಡಿಯುವಂತೆ ಮಾಡುವುದು. ತಂಬೂರಿ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಹೊಸದೇನೂ ಅಲ್ಲ. ಷಡ್ಜ, ಪಂಚಮ ಯಾವಾಗಲೂ ಹಿಂದೆ ನಿಂತಿರುತ್ತವೆ, ಹಾಡು ಅದರ ಮೇಲೆ ನಡೆಯುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ಯಾವ ದೊಡ್ಡ ಕಲಾವಿದರು ಯಾವ ಶ್ರುತಿ ಬಳಸಿದರು ಅಂತ ನೋಡಿ ಆರಿಸುವವರು ಜಾಸ್ತಿ. ನಾನು ಮೊದಲು ಕೇಳುವುದು ಬೇರೆ: ಹಾಡುವವರು ಯಾರು, ಅವರ ಷಡ್ಜ ಎಲ್ಲಿದೆ? ನಮ್ಮ ಕಡೆ ಹಾರ್ಮೋನಿಯಂ ಮನೆಗಳಲ್ಲೇ ಶ್ರುತಿ ಹೇಳುವುದು ರೂಢಿ. ಕಪ್ಪು 1, ಬಿಳಿ 2, ಬಿಳಿ 5 ಹೀಗೆ. ಗಂಡಸರು ಹೆಚ್ಚಾಗಿ ಬಿಳಿ 1ರಿಂದ ಕಪ್ಪು 2ರ ಆಸುಪಾಸು ಹಾಡುತ್ತಾರೆ. ಹೆಣ್ಣುಮಕ್ಕಳು ಬಿಳಿ 5ರಿಂದ ಕಪ್ಪು 5ರ ಆಸುಪಾಸು. ಗಿಟಾರಿನ ಭಾಷೆಯಲ್ಲಿ ಬಿಳಿ 1 ಅಂದರೆ ಸಿ, ಬಿಳಿ 2 ಅಂದರೆ ಡಿ, ಬಿಳಿ 5 ಅಂದರೆ ಜಿ. ಇಷ್ಟು ಗೊತ್ತಾದರೆ ಅರ್ಧ ನಿರ್ಧಾರ ಆದಂತೆ.

ಎರಡನೆಯದು ಗಾಂಧಾರ. ಇದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ಒಂದು ಅಮಾವಾಸ್ಯೆ ಭಜನೆಗೆ ಓಪನ್ ಡಿ ಮಾಡಿಕೊಂಡು ಹೋಗಿದ್ದೆ. ಮೊದಲ ತತ್ವಪದ ಮೋಹನದ ಹಾದಿಯಲ್ಲಿತ್ತು, ಚೆನ್ನಾಗಿ ಕೂಡಿಕೊಂಡಿತು. ಎರಡನೆಯದು ಭೈರವಿ. ಎರಡು ಸಾಲು ಹಾಡಿ, ಪದ ಹೇಳುತ್ತಿದ್ದ ಅಜ್ಜ ನಿಲ್ಲಿಸಿಬಿಟ್ಟರು. ಏಕತಾರಿಯನ್ನು ತೊಡೆಯ ಮೇಲೆ ಮಲಗಿಸಿ, ನನ್ನ ಕಡೆ ಬಗ್ಗಿ, ಗಿಟಾರಿನ ತಂತಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿದರು. ಮೂರನೆಯದಕ್ಕೆ ಬಂದು ನಿಂತರು.

"ಇದ ನೋಡ ತಮ್ಮಾ. ಉಳಿದವೆಲ್ಲ ನಮ್ಮ ಜೋಡಿ ಅದಾವು. ಇದೊಂದ ಬ್ಯಾರೆ ಹಾಡಾಕತ್ತೈತಿ."

"ಏನ್ ಮಾಡ್ಲಿ ಅಜ್ಜಾರ?"

"ಏನ್ ಮಾಡ್ತಿ, ಇಳಿಸು ಅದನ್ನ."

ಅರ್ಧ ಸ್ವರ ಇಳಿಸಿದೆ. ಅಜ್ಜ ತಲೆ ಆಡಿಸಿ ಪದ ಮತ್ತೆ ಎತ್ತಿಕೊಂಡರು. ಆದದ್ದು ಇಷ್ಟೇ: ಓಪನ್ ಡಿಯ ಮೂರನೇ ತಂತಿಯಲ್ಲಿ ಶುದ್ಧ ಗಾಂಧಾರ ಇರುತ್ತದೆ, ಭೈರವಿಯದು ಕೋಮಲ ಗಾಂಧಾರ. ಓಪನ್ ಡಿ, ಓಪನ್ ಜಿ, ಓಪನ್ ಸಿ ಮೂರರಲ್ಲೂ ಒಂದು ತಂತಿ ಹೀಗೆ ಶುದ್ಧ ಗಾಂಧಾರಕ್ಕೆ ಕಟ್ಟಿಬಿದ್ದಿರುತ್ತದೆ. ನಿಮ್ಮ ಹಾಡುಗಳಲ್ಲಿ ಭೈರವಿ, ಭೀಮಪಲಾಸ್ ಜಾಸ್ತಿ ಇದ್ದರೆ ಆ ತಂತಿ ಅಡ್ಡ ಬರುತ್ತದೆ. ದುರ್ಗಾ ರಾಗದಲ್ಲಂತೂ ಗಾಂಧಾರವೇ ಇಲ್ಲ.

ಮೂರನೆಯದು ತಂತಿಯ ಬಿಗಿತ. ಇದಕ್ಕೆ ಸರಳ ಲೆಕ್ಕ ಇದೆ. ಗಿಟಾರಿನ ಕತ್ತಿನ ಮೇಲಿನ ಅಡ್ಡ ಕಂಬಿಗಳೇ ಫ್ರೆಟ್, ಒಂದು ಫ್ರೆಟ್ ಅಂದರೆ ಅರ್ಧ ಸ್ವರ. ಒಂದು ತಂತಿಯನ್ನು 2 ಫ್ರೆಟ್‌ನಷ್ಟು ಇಳಿಸಿದರೆ ಅದರ ಎಳೆತ ಸುಮಾರು 20% ತಗ್ಗುತ್ತದೆ. 4 ಫ್ರೆಟ್‌ನಷ್ಟು ಇಳಿಸಿದರೆ ಸುಮಾರು 37%. ಅದೇ 2 ಫ್ರೆಟ್ ಏರಿಸಿದರೆ ಸುಮಾರು 26% ಹೆಚ್ಚುತ್ತದೆ. ಸಡಿಲಾದ ತಂತಿ ಫ್ರೆಟ್ಟಿಗೆ ಬಡಿದು ಝರ್ ಅನ್ನುತ್ತದೆ. ಬಿಗಿಯಾದ ತಂತಿ ಕಡಿಯುತ್ತದೆ, ಇಲ್ಲವೇ ಬ್ರಿಜ್ (ಗಿಟಾರಿನ ಮೈಮೇಲೆ ತಂತಿ ಕಟ್ಟುವ ಪಟ್ಟಿ) ಎಳೆಯುತ್ತದೆ.

ನಾಲ್ಕನೆಯದು, ಈಗಾಗಲೇ ಕಲಿತ ಕಾರ್ಡುಗಳಲ್ಲಿ ಎಷ್ಟು ಉಳಿಯುತ್ತವೆ ಅನ್ನುವುದು. ಖರ್ಚಿನ ಮಾತು ಕೊನೆಗೆ.

ಡಿ ಮನೆತನ: ಓಪನ್ ಡಿ ಮತ್ತು ಡ್ಯಾಡ್‌ಗ್ಯಾಡ್

ಇವೆರಡನ್ನು ಬೇರೆ ಬೇರೆ ಅಂತ ತಿಳಿದು ತಲೆ ಕೆಡಿಸಿಕೊಳ್ಳುವವರು ಬಹಳ. ಪಕ್ಕಪಕ್ಕ ಇಟ್ಟು ನೋಡಿ.

ಓಪನ್ ಡಿ: ಡಿ ಎ ಡಿ ಎಫ್‌ಶಾರ್ಪ್ ಎ ಡಿ. ಅಂದರೆ ಸ ಪ ಸ ಗ ಪ ಸ.
ಡ್ಯಾಡ್‌ಗ್ಯಾಡ್: ಡಿ ಎ ಡಿ ಜಿ ಎ ಡಿ. ಅಂದರೆ ಸ ಪ ಸ ಮ ಪ ಸ.

ವ್ಯತ್ಯಾಸ ಒಂದೇ ತಂತಿಯದು, ಅದೂ ಅರ್ಧ ಸ್ವರ. ಮೂರನೇ ತಂತಿಯನ್ನು ಜಿಯಲ್ಲೇ ಬಿಟ್ಟರೆ ಮಧ್ಯಮ, ಅರ್ಧ ಇಳಿಸಿದರೆ ಶುದ್ಧ ಗಾಂಧಾರ, ಇನ್ನರ್ಧ ಇಳಿಸಿದರೆ ಕೋಮಲ ಗಾಂಧಾರ. ಒಂದು ಕೀ ತಿರುಗಿಸಿದರೆ ಮೂರು ಶ್ರುತಿ ಸಿಗುತ್ತವೆ. ಅದಕ್ಕೇ ಯಾವುದು ಬೇಕು ಅಂತ ಗೊತ್ತಿಲ್ಲದವರಿಗೆ ನಾನು ಡಿ ಮನೆತನವನ್ನೇ ಮೊದಲು ಹೇಳುತ್ತೇನೆ. ತಪ್ಪು ಆರಿಸಿದರೂ ಸರಿ ಮಾಡಿಕೊಳ್ಳುವುದು ಸುಲಭ.

ಇದರಲ್ಲಿ ಡ್ಯಾಡ್‌ಗ್ಯಾಡ್ ನನಗೆ ತುಂಬಾ ಹತ್ತಿರ. 1960ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಡೇವಿ ಗ್ರಹಾಂ ಇದನ್ನು ಬಳಕೆಗೆ ತಂದರು. ಮೊರಾಕೊದಲ್ಲಿ ಊದ್ ಎಂಬ ಅರಬ್ಬರ ತಂತಿವಾದ್ಯ ನುಡಿಸುವವರ ಜೊತೆ ನುಡಿಸಲು ಅವರು ಈ ಶ್ರುತಿ ಹುಡುಕಿಕೊಂಡರು ಅನ್ನುತ್ತಾರೆ. ಕಾರ್ಡ್ ಇಲ್ಲದ, ರಾಗದ ಹಾಗೆ ನಡೆಯುವ ಸಂಗೀತದ ಪಕ್ಕದಲ್ಲಿ ಕೂರಲು ಮಾಡಿದ ಶ್ರುತಿ ಅದು. ನಮ್ಮ ಕೆಲಸವೂ ಅದೇ ಅಲ್ವಾ? ಇದರಲ್ಲಿ ಗಾಂಧಾರ ಇಲ್ಲ. ಹಾಡುವವರು ಶುದ್ಧ ಹಿಡಿಯಲಿ, ಕೋಮಲ ಹಿಡಿಯಲಿ, ಗಿಟಾರ್ ಜಗಳಕ್ಕೆ ಬರುವುದಿಲ್ಲ. ಮೂರನೇ ತಂತಿಯ 2ನೇ ಫ್ರೆಟ್ಟಿನ ಮೇಲೆ ಒಂದು ಬೆರಳು ಇಡಿ. ಆ ಮಧ್ಯಮವೂ ಪಂಚಮ ಆಗುತ್ತದೆ. ಆರೂ ತಂತಿಯಲ್ಲಿ ಬರೀ ಸ ಮತ್ತು ಪ, ಕೈಯಲ್ಲಿ ತಂಬೂರಿ ಹಿಡಿದಂತೆ.

ಇದಕ್ಕೂ ಕೊರತೆ ಇದೆ. ಯಮನ್ ಹಾಡುವಾಗ ತೀವ್ರ ಮಧ್ಯಮ ಬೇಕು. ಆಗ ಮೂರನೇ ತಂತಿಯ ಶುದ್ಧ ಮಧ್ಯಮ ಸುಮ್ನೆ ಬಿಟ್ಟರೆ ಕಿವಿಗೆ ಚುಚ್ಚುತ್ತದೆ. ಮಾಲಕಂಸದಲ್ಲಿ ಪಂಚಮವೇ ಇಲ್ಲ. ಅಲ್ಲಿ ಎರಡೂ ಎ ತಂತಿಗಳನ್ನು ಜಿಗೆ ಇಳಿಸಿಕೊಳ್ಳಬೇಕು, ಸ ಮ ಸ ಮ ಮ ಸ ಆಗುತ್ತದೆ. ಇನ್ನೊಂದು ಮಾತು. ಡ್ಯಾಡ್‌ಗ್ಯಾಡ್‌ನಲ್ಲಿ ಒಂದೇ ಬೆರಳಿನಿಂದ ಅಡ್ಡ ಒತ್ತಿದರೆ ಪೂರ್ತಿ ಮೇಜರ್ ಕಾರ್ಡ್ (ಶುದ್ಧ ಗಾಂಧಾರ ಇರುವುದು) ಬರುವುದಿಲ್ಲ. ಬೆರಳುಗಳಿಗೆ ಹೊಸ ಆಕಾರ ಕಲಿಸಬೇಕು. ಒಂದೆರಡು ತಿಂಗಳು ಕೂತು ನುಡಿಸುವವರಿಗೆ ಇದು ಸರಿ.

ಓಪನ್ ಡಿ ಮೊದಲ ದಿನದಿಂದಲೇ ಒಲಿಯುತ್ತದೆ. 5ನೇ ಫ್ರೆಟ್ಟಿಗೆ ಅಡ್ಡ ಬೆರಳಿಟ್ಟರೆ ಜಿ ಮೇಜರ್, 7ನೇದಕ್ಕೆ ಎ ಮೇಜರ್. ಮೂರು ಕಾರ್ಡಿನ ಹಾಡುಗಳೆಲ್ಲ ಅಲ್ಲಿಗೆ ಮುಗಿದವು. ಚಿಕ್ಕ ಮಕ್ಕಳಿಗೆ, ಬೆರಳಿನಲ್ಲಿ ಅಷ್ಟು ಬಲ ಇಲ್ಲದ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಸ್ಲೈಡಿಗೂ ಇದು ಹೇಳಿ ಮಾಡಿಸಿದ್ದು. ಮೋಹನ, ಯಮನ್, ಬಿಲಾವಲ್ ಕಡೆಯ ಹಾಡುಗಳಿಗೆ ತುಂಬು ದನಿ. ಆದರೆ ಮೈನರ್ ಕಾರ್ಡ್ (ಕೋಮಲ ಗಾಂಧಾರ ಇರುವುದು) ಬೇಕಾದಾಗ ಕಷ್ಟ. ಹಳೆಯ ಆಕಾರಗಳೂ ಹೆಚ್ಚು ಉಳಿಯುವುದಿಲ್ಲ, 5 ಮತ್ತು 4ನೇ ತಂತಿ ಬಿಟ್ಟು ಉಳಿದ ನಾಲ್ಕೂ ಬದಲಾಗಿರುತ್ತವೆ.

ಇಲ್ಲಿ ಒಂದು ಸಣ್ಣ ವಿಷಯ, ಕಿವಿ ಇರುವವರಿಗಾಗಿ. ಮೊಬೈಲಿನ ಟ್ಯೂನರ್ ಹೇಳಿದ ಜಾಗಕ್ಕೆ ಮೂರನೇ ತಂತಿ ಇಟ್ಟು, ಪಕ್ಕದಲ್ಲಿ ತಂಬೂರಿ ಹಾಕಿ ಕೇಳಿ. ಗಾಂಧಾರ ಕೊಂಚ ಮೇಲೆ ನಿಂತಂತೆ ಅನ್ನಿಸುತ್ತದೆ. ಅದು ನಿಜ. ತಂಬೂರಿಯ ಒಳಗಿಂದ ಹುಟ್ಟುವ ಗಾಂಧಾರಕ್ಕಿಂತ ಟ್ಯೂನರಿನ ಗಾಂಧಾರ ಸುಮಾರು 14 ಸೆಂಟ್ ಎತ್ತರದಲ್ಲಿರುತ್ತದೆ. ಅರ್ಧ ಸ್ವರಕ್ಕೆ 100 ಸೆಂಟ್ ಅಂತ ಲೆಕ್ಕ. ಕಿವಿಗೆ ಹಿತ ಆಗುವವರೆಗೆ ಕೂದಲೆಳೆಯಷ್ಟು ಇಳಿಸಬಹುದು. ಆದರೆ ಆಗ ಅದೇ ತಂತಿಯಲ್ಲಿ ಒತ್ತಿ ನುಡಿಸುವ ಎಲ್ಲ ಸ್ವರಗಳೂ ಅಷ್ಟೇ ಇಳಿಯುತ್ತವೆ. ಬರಿ ಶ್ರುತಿ ಹಿಡಿಯುವವರು ಇಳಿಸಿ. ಕಾರ್ಡ್ ಬದಲಿಸುತ್ತಾ ನುಡಿಸುವವರು ಟ್ಯೂನರ್ ಹೇಳಿದ್ದನ್ನೇ ಇಟ್ಟುಕೊಳ್ಳಿ.

ಹಾಡುವವರ ಶ್ರುತಿ ಬಿಳಿ 2 ಆದರೆ ಡಿ ಮನೆತನ ಹಾಗೆಯೇ ಸರಿ. ಕಪ್ಪು 2 ಆದರೆ 1ನೇ ಫ್ರೆಟ್ಟಿಗೆ ಕಪೋ, ಅಂದರೆ ಆರೂ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್. ಬಿಳಿ 3 ಆದರೆ 2ನೇ ಫ್ರೆಟ್ಟಿಗೆ. ಕಪ್ಪು 1 ಬೇಕಾದರೆ ಆರೂ ತಂತಿಯನ್ನು ಇನ್ನರ್ಧ ಸ್ವರ ಇಳಿಸಬೇಕು. 12ರ ಸೆಟ್ (ಅತಿ ಸಣ್ಣ ತಂತಿ 0.012 ಇಂಚು ದಪ್ಪ ಇರುವ ಸೆಟ್) ಇದ್ದರೆ ತಡೆದುಕೊಳ್ಳುತ್ತದೆ.

ಓಪನ್ ಜಿ

ಡಿ ಜಿ ಡಿ ಜಿ ಬಿ ಡಿ. ಜಿಯನ್ನು ಷಡ್ಜ ಅಂತ ಹಿಡಿದರೆ ಪ ಸ ಪ ಸ ಗ ಪ. ಬಳ್ಳಾರಿಯ ಹುಡುಗಿಗೆ ನಾನು ಹೇಳಿದ್ದು ಇದನ್ನೇ. ಅವಳು ಹಾಡುವುದು ಕಪ್ಪು 4ರಲ್ಲಿ. 1ನೇ ಫ್ರೆಟ್ಟಿಗೆ ಕಪೋ ಹಾಕಿದರೆ ಆಯಿತು. ಬಿಳಿ 5ಕ್ಕೆ ಕಪೋ ಬೇಡ, ಬಿಳಿ 6ಕ್ಕೆ 2ನೇ ಫ್ರೆಟ್, ಕಪ್ಪು 5ಕ್ಕೆ 3ನೇ ಫ್ರೆಟ್. ಇದೇ ಶ್ರುತಿಗಳನ್ನು ಡಿ ಮನೆತನದಲ್ಲಿ ಹಿಡಿಯಬೇಕಾದರೆ ಕಪೋ 5, 6ನೇ ಫ್ರೆಟ್ಟಿನ ಆಚೆ ಹೋಗುತ್ತದೆ. ಆಗ ಗಿಟಾರಿನ ತುಂಬು ದನಿ ಹೋಗಿ ಬರೀ ಕಿಣಿಕಿಣಿ ಉಳಿಯುತ್ತದೆ.

ಬದಲಾಗುವುದು 6, 5 ಮತ್ತು 1ನೇ ತಂತಿ. ನಡುವಿನ ಮೂರು ತಂತಿ, ಡಿ ಜಿ ಬಿ, ಇದ್ದಲ್ಲೇ ಇರುತ್ತವೆ. ಆ ಮೂರರ ಮೇಲೆ ನೀವು ಕಲಿತ ಚಿಕ್ಕ ಕಾರ್ಡುಗಳೆಲ್ಲ ಉಳಿದವು. ಈಗಾಗಲೇ ಸಿನಿಮಾ ಹಾಡು ನುಡಿಸಿ ಕೈ ಪಳಗಿದವರಿಗೆ ಇದು ದೊಡ್ಡ ಲಾಭ. ಕಳೆದುಕೊಳ್ಳುವುದು ಕಡಿಮೆ.

ತೊಂದರೆ 6ನೇ ತಂತಿಯದು. ಅತಿ ಕೆಳಗಿನ ದನಿ ಷಡ್ಜ ಆಗಿರದೆ ಪಂಚಮ ಆಗಿರುತ್ತದೆ. ಆರನ್ನೂ ಒಟ್ಟಿಗೆ ಬಡಿದರೆ ಪಂಚಮವೇ ಷಡ್ಜ ಅನ್ನಿಸಿ ಹಾಡುವವರ ದಾರಿ ತಪ್ಪಬಹುದು. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಆ ತಂತಿಯನ್ನೇ ತೆಗೆದು ಐದು ತಂತಿಯಲ್ಲಿ ನುಡಿಸಿದರು. ನೀವು ತೆಗೆಯಬೇಕಾಗಿಲ್ಲ. ಹೆಬ್ಬೆರಳಿನಿಂದ ಅದನ್ನು ಮುಚ್ಚಿ, ಇಲ್ಲವೇ ತಂಬೂರಿ ಮೀಟಿದ ಹಾಗೆ ಪಂಚಮದಿಂದ ಶುರು ಮಾಡಿ ನಿಧಾನಕ್ಕೆ ಒಂದೊಂದೇ ತಂತಿ ಮೀಟಿ. ಆಗ ಆ ಪಂಚಮ ಬಹಳ ಚೆಂದ ಕೇಳುತ್ತದೆ.

ಗಾಂಧಾರ ಇಲ್ಲಿ 2ನೇ ತಂತಿಯಲ್ಲಿದೆ. ಬಿಯನ್ನು ಅರ್ಧ ಇಳಿಸಿದರೆ ಕೋಮಲ, ಅರ್ಧ ಏರಿಸಿದರೆ ಮಧ್ಯಮ. ಡಿ ಮನೆತನದ ಸವಲತ್ತು ಇಲ್ಲೂ ಇದೆ ಅಂತಾಯಿತು. ಏರಿಸುವಾಗ ಮಾತ್ರ ಹುಷಾರು, ಹಳೆಯ ತಂತಿ ಆದರೆ ಕಡಿಯಬಹುದು.

ಓಪನ್ ಸಿ

ಸಿ ಜಿ ಸಿ ಜಿ ಸಿ ಇ. ಅಂದರೆ ಸ ಪ ಸ ಪ ಸ ಗ. ಕೇಳಲು ಇದರಷ್ಟು ಗಂಭೀರ ಇನ್ನೊಂದಿಲ್ಲ. 6ನೇ ತಂತಿಯ ಖರ್ಜ, ಅಂದರೆ ಕೆಳಗಿನ ಷಡ್ಜ, ಎದೆಗೆ ತಾಗುತ್ತದೆ. ಬಿಳಿ 1ರಲ್ಲಿ ಹಾಡುವ ಗಂಡಸರಿಗೆ, 1ನೇ ಫ್ರೆಟ್ಟಿಗೆ ಕಪೋ ಹಾಕಿ ಕಪ್ಪು 1ರಲ್ಲಿ ಹಾಡುವವರಿಗೆ ಇದು ನೇರ ಹೊಂದುತ್ತದೆ. ಮಾನ್ವಿಯ ಮೇಷ್ಟ್ರ ದನಿ ಕಪ್ಪು 1. ಅವರಿಗೆ ಮೊದಲು ಇದನ್ನೇ ಹೇಳೋಣ ಅಂತಿದ್ದೆ. ಆದರೆ ಅವರ ಗಿಟಾರ್ ನೋಡಿದ ಮೇಲೆ ಮನಸ್ಸು ಬದಲಾಯಿಸಿದೆ. ಅದರಲ್ಲಿ 10ರ ಸೆಟ್ ಇತ್ತು. ಇಯಿಂದ ಸಿಗೆ ಇಳಿದ 6ನೇ ತಂತಿ ಫ್ರೆಟ್ಟಿಗೆ ಬಡಿಯುತ್ತಲೇ ಇತ್ತು. ಓಪನ್ ಸಿ ಬೇಕು ಅಂದರೆ ದಪ್ಪ ತಂತಿ ಬೇಕೇ ಬೇಕು. 13ರ ಸೆಟ್, ಇಲ್ಲವೇ 6ನೇದಾದರೂ 0.056 ಇಂಚಿನದು. ಜೊತೆಗೆ ಅವರ ಪದಗಳಲ್ಲಿ ಎರಡೂ ಗಾಂಧಾರ ಬರುತ್ತವೆ. ಇದರಲ್ಲಿ ಗಾಂಧಾರ ಎಲ್ಲಕ್ಕಿಂತ ಮೇಲಿನ ಸಣ್ಣ ತಂತಿಯಲ್ಲಿದೆ, ಎದ್ದು ಕೇಳುತ್ತದೆ. ಹೀಗಾಗಿ 12ರ ಸೆಟ್ ಹಾಕಿಸಿ, ಡ್ಯಾಡ್‌ಗ್ಯಾಡ್ ಮಾಡಿ, ಅರ್ಧ ಸ್ವರ ಇಳಿಸಿ ಕೊಟ್ಟೆ.

ಓಪನ್ ಇ, ಓಪನ್ ಎ: ಬೇಡ

ಇವೆರಡರಲ್ಲೂ ತಂತಿಗಳನ್ನು ಏರಿಸಬೇಕು. ಓಪನ್ ಎಗೆ ಮೂರು ತಂತಿ, ತಲಾ 2 ಫ್ರೆಟ್‌ನಷ್ಟು. 12ರ ಸೆಟ್ ಹಾಕಿದ ಗಿಟಾರಿನ ಮೇಲೆ ಮಾಮೂಲಿ ಶ್ರುತಿಯಲ್ಲೇ 70 ಕಿಲೊಗೂ ಹೆಚ್ಚಿನ ಎಳೆತ ಇರುತ್ತದೆ. ಒಂದು ಏಪ್ರಿಲ್‌ನಲ್ಲಿ ನನ್ನ ಹಳೆಯ ಗಿಟಾರನ್ನು ಓಪನ್ ಎಯಲ್ಲೇ ಬಿಟ್ಟು, ತಗಡಿನ ಸೂರಿನ ಕೋಣೆಯಲ್ಲಿ ಎರಡು ದಿನ ಇಟ್ಟಿದ್ದೆ. ಬಂದು ನೋಡಿದರೆ ಬ್ರಿಜ್ ಹಿಂದೆ ಒಂದು ಕಾಗದ ತೂರುವಷ್ಟು ಸಂದು. ಬಿಸಿಲಿಗೆ ಅಂಟು ಮೆದುವಾಗಿ ಎದ್ದುಬಿಟ್ಟಿತ್ತು. ರಾಯಚೂರು, ಬಳ್ಳಾರಿ, ಕೊಪ್ಪಳ ಎಲ್ಲಾ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಇಲ್ಲಿ ಏರಿಸುವ ಶ್ರುತಿ ಯಾಕೆ? ಓಪನ್ ಡಿಗೆ 2ನೇ ಫ್ರೆಟ್ಟಿನಲ್ಲಿ ಕಪೋ ಹಾಕಿದರೆ ಅದೇ ಓಪನ್ ಇ. ಓಪನ್ ಜಿಗೆ ಹಾಕಿದರೆ ಅದೇ ಓಪನ್ ಎ.

ಸ್ಲೈಡ್ ಆಸೆ ಇರುವವರಿಗೆ

ಗಂಗಾವತಿಯ ಹುಡುಗನಿಗೆ ಓಪನ್ ಡಿ ಹೇಳಿದೆ. ಬ್ರಿಜ್ ಭೂಷಣ್ ಕಾಬ್ರಾ ಗಿಟಾರಿನಲ್ಲಿ ರಾಗ ನುಡಿಸಿ ತೋರಿಸಿದವರು. ವಿಶ್ವಮೋಹನ ಭಟ್ಟರು ಗಿಟಾರನ್ನೇ ಮಾರ್ಪಡಿಸಿ ಮಾಡಿದ ತಮ್ಮ ಮೋಹನವೀಣೆಯೊಂದಿಗೆ, ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ, 1994ರಲ್ಲಿ ಗ್ರ್ಯಾಮಿ ಪಡೆದರು. ಅವರ ವಾದ್ಯಗಳಲ್ಲಿ ಶ್ರುತಿಗೆಂದು ಪಕ್ಕದಲ್ಲಿ ಕಟ್ಟಿದ ಚಿಕಾರಿ ತಂತಿಗಳು ಬೇರೆ, ವ್ಯವಸ್ಥೆಯೇ ಬೇರೆ. ಆದರೆ ತೊಡೆಯ ಮೇಲೆ ಮಲಗಿಸಿ ಮೀಂಡ್ ಎಳೆಯುವ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಸುಖ ಮಾಮೂಲಿ ಗಿಟಾರಿನಲ್ಲೂ ಸಿಗುತ್ತದೆ. ಓಪನ್ ಡಿಯಲ್ಲಿ ಮೊದಲ ತಂತಿಯೇ ಷಡ್ಜ. ಸ್ವರ ಎಲ್ಲಿದೆ ಅಂತ ಲೆಕ್ಕ ಹಾಕುವುದು ಸುಲಭ. ಓಪನ್ ಜಿಯಲ್ಲಿ ಮೊದಲ ತಂತಿ ಪಂಚಮ, ತಾರದಲ್ಲಿ ಹಾಡಿದಂತೆ ನುಡಿಸುವವರಿಗೆ ಅದು ಹಿತ.

ಸ್ಲೈಡ್ ಕೊಳ್ಳಬೇಕೆಂದೇನೂ ಇಲ್ಲ. ನಲ್ಲಿ ಸಾಮಾನಿನ ಅಂಗಡಿಯಲ್ಲಿ ಬೆರಳಿಗೆ ಹೊಂದುವ ಸ್ಟೀಲ್ ಪೈಪಿನ ತುಂಡು ಕತ್ತರಿಸಿಕೊಳ್ಳಿ, ಅಂಚನ್ನು ಉಪ್ಪು ಕಾಗದದಿಂದ ಉಜ್ಜಿ ನಯ ಮಾಡಿ. ಸ್ಲೈಡ್ ನಿಲ್ಲಬೇಕಾದದ್ದು ಫ್ರೆಟ್ ಕಂಬಿಯ ನೇರ ಮೇಲೆ, ಬೆರಳು ಒತ್ತುವ ಹಾಗೆ ಅದರ ಹಿಂದೆ ಅಲ್ಲ.

ಖರ್ಚು ಮತ್ತು ಎರಡನೇ ಗಿಟಾರ್

ಶ್ರುತಿ ಬದಲಿಸಲು ದುಡ್ಡು ಬೇಡ. ಟ್ಯೂನರ್, ತಂಬೂರಿ ಎರಡೂ ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲು ಕೊಳ್ಳಬೇಕಾದದ್ದು ಕಪೋ, ಆಮೇಲೆ 12ರ ತಂತಿ ಸೆಟ್. ಎರಡೂ ಕೆಲವು ನೂರು ರೂಪಾಯಿಯ ಮಾತು. ಕಡಿಮೆ ಬೆಲೆಯ ಗಿಟಾರುಗಳಿಗೆ ಹೆಚ್ಚಾಗಿ 10 ಅಥವಾ 11ರ ಸೆಟ್ ಹಾಕಿರುತ್ತಾರೆ, ಕೊಳ್ಳುವಾಗ ಕೇಳಿ.

ಎರಡನೇ ಗಿಟಾರ್ ಬೇಕಾ ಅಂತ ಕೇಳುವವರಿಗೆ ನಾನು ಕೇಳುವುದು, ವೇದಿಕೆ ಹತ್ತುತ್ತೀರಾ? ರಾಯಚೂರಿನ ಜಂಬಲದಿನ್ನಿ ರಂಗಮಂದಿರದಂಥ ಕಡೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೆ ನಾಲ್ಕು ತಂತಿಯ ಶ್ರುತಿ ಬದಲಿಸಿ ಕೂರಿಸಲು ಆಗುವುದಿಲ್ಲ. ಸಾಮಾನ್ಯ ಶ್ರುತಿಯ ಹಾಡುಗಳೂ ಇದ್ದರೆ ಹಳೆಯದೊಂದು ಗಿಟಾರನ್ನು ಓಪನ್ ಶ್ರುತಿಗೇ ಮೀಸಲಿಡಿ. ಒಂದೇ ಶ್ರುತಿಯಲ್ಲಿ ನಿಂತ ತಂತಿ ಕಡಿಮೆ ಜಾರುತ್ತದೆ. ಮನೆಯಲ್ಲಷ್ಟೇ ನುಡಿಸುವವರಿಗೆ ಒಂದೇ ಸಾಕು. ಸಿನಿಮಾ ಹಾಡುಗಳನ್ನಷ್ಟೇ, ಅದೂ ಸಾಲಿಗೊಂದು ಕಾರ್ಡ್ ಬದಲಾಗುವ ಹಾಡುಗಳನ್ನು ನುಡಿಸುವವರಾದರೆ ಸಾಮಾನ್ಯ ಶ್ರುತಿಯಲ್ಲೇ ಇರಿ. ಬೇಕಿದ್ದರೆ 6ನೇ ತಂತಿಯೊಂದನ್ನು ಡಿಗೆ ಇಳಿಸಿ, ಅದೇ ಡ್ರಾಪ್ ಡಿ.

ಕೂಲರ್ ಎದುರು ಗಿಟಾರ್ ಇಡಬೇಡಿ. ಒದ್ದೆ ಗಾಳಿಗೆ ಮರ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ತಣ್ಣನೆಯ ಕೋಣೆಯಿಂದ ಬಿಸಿಲಿಗೆ ತಂದ ಗಿಟಾರಿನ ಶ್ರುತಿ ಇಳಿಯುತ್ತದೆ. ಭಜನೆ ಕಟ್ಟೆಗೆ ಅರ್ಧ ಗಂಟೆ ಮೊದಲೇ ಹೋಗಿ, ಅಲ್ಲೇ ಶ್ರುತಿ ಮಾಡಿ.

ಇವತ್ತೇ ನೋಡಬೇಕು ಅನ್ನುವವರಿಗೆ

ಡ್ಯಾಡ್‌ಗ್ಯಾಡ್‌ನಿಂದ ಶುರು ಮಾಡಿ. ಟ್ಯೂನರ್ ಕೂಡ ಬೇಡ. 4ನೇ ತಂತಿ ಡಿ ಮೀಟಿ, 6ನೇದನ್ನು ಅದರ ಕೆಳಗಿನ ಷಡ್ಜ ಆಗುವವರೆಗೆ ಇಳಿಸಿ. 1ನೇದನ್ನು ಅದೇ ಡಿಯ ಮೇಲಿನ ಷಡ್ಜ ಆಗುವವರೆಗೆ ಇಳಿಸಿ. 5ನೇ ತಂತಿ ಎ ಮೀಟಿ, 2ನೇದನ್ನು ಅದರ ಮೇಲಿನ ಜೋಡಿ ಆಗುವವರೆಗೆ ಇಳಿಸಿ. 3ನೇದನ್ನು ಮುಟ್ಟಬೇಡಿ. ಈಗ ನಿಮಗೆ ಗೊತ್ತಿರುವ ಪದವೊಂದನ್ನು, ಬೆರಳು ಒತ್ತದೆ ಬರೀ ಮೀಟುತ್ತಾ, ಪೂರ್ತಿ ಹಾಡಿ. ದನಿ ತುಂಬಾ ಕೆಳಗಿದೆ ಅನ್ನಿಸಿದರೆ ಕಪೋ ಒಂದೊಂದೇ ಫ್ರೆಟ್ ಮೇಲಕ್ಕೆ ಸರಿಸಿ. 5ನೇ ಫ್ರೆಟ್ ದಾಟಿದರೂ ಹಿತ ಆಗದಿದ್ದರೆ ನಿಮ್ಮದು ಓಪನ್ ಜಿ. ಕಪೋ ಇಲ್ಲದೆಯೇ ದನಿ ಮೇಲಾಯಿತು ಅನ್ನಿಸಿದರೆ ಎಲ್ಲವನ್ನೂ ಅರ್ಧ ಸ್ವರ ಇಳಿಸಿ ನೋಡಿ, ಅದೂ ಸಾಲದಿದ್ದರೆ ದಪ್ಪ ತಂತಿ ಹಾಕಿ ಓಪನ್ ಸಿ. ದನಿ ಕೂಡಿತು, ಆದರೆ ನಡುವಿನ ತಂತಿಯೊಂದು ಅಡ್ಡ ಬರುತ್ತಿದೆ ಅನ್ನಿಸಿದರೆ 3ನೇ ತಂತಿಯನ್ನು ಅರ್ಧ ಇಳಿಸಿ, ಮತ್ತೆ ಹಾಡಿ. ಇನ್ನರ್ಧ ಇಳಿಸಿ, ಮತ್ತೆ ಹಾಡಿ.

ಇಳಿಸುವಾಗ ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಗೆ ಹೋಗಿ, ಅಲ್ಲಿಂದ ಮೇಲಕ್ಕೆ ಬಂದು ನಿಲ್ಲಿಸಿ. ಮೇಲಿನಿಂದ ಇಳಿಸಿ ಹಾಗೆಯೇ ಬಿಟ್ಟ ತಂತಿ ಎರಡನೇ ಚರಣ ಮುಗಿಯುವಷ್ಟರಲ್ಲಿ ಜಾಗ ಬಿಟ್ಟಿರುತ್ತದೆ.